ಎಡಕ್ಕೆಳೆದರೆ ಬಲಕ್ಕೆ

"ಇನ್ನೊಂದು ಸಲ ಹಾಕಿ," ಎಂದಳು ಮಗಳು.

"ಬೇಡ," ಎಂದರು ಇನ್ಸ್‌ಪೆಕ್ಟರ್.

"ನನಗೇನೂ ಆಗಲ್ಲ ಮೇಡಂ. ಇವರು ನೋಡ್ಬೇಕು. ಕಣ್ಣು ಬಿಟ್ಟು ನೋಡ್ಬೇಕು."

ಇವರು ಎಂದರೆ ಅವಳ ಚಿಕ್ಕಪ್ಪ. ಲೇತ್ ವರ್ಕ್‌ಶಾಪಿನ ಮೂಲೆಯ ಸ್ಟೂಲಿನ ಮೇಲೆ, ಎಣ್ಣೆ ಹಿಡಿದ ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು. ಅಣ್ಣ, ಅಂದರೆ ಅವಳ ಅಪ್ಪ, ಚೈನ್ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತ ದಿನದಿಂದ ಅವರ ಬಾಯಿಂದ ಬಂದಿದ್ದು ಒಂದೇ ಹೇಳಿಕೆ: 'ಓಡಿಸ್ತಿದ್ದಿದ್ದು ನಾನು. ಏನು ಬೇಕಾದ್ರೂ ಬರ್ಕೊಳ್ಳಿ.'

ಇನ್ಸ್‌ಪೆಕ್ಟರ್ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ನೆಂಟರೊಬ್ಬರು ತೆಗೆದ ಆ ವಿಡಿಯೊ ಅವರಿಗೆ ಬಾಯಿಪಾಠವಾಗಿತ್ತು.

ಗುಜರಿಯಿಂದ ತಂದ, ಚಕ್ರದ ಬದಲು ಎರಡೂ ಬದಿಗೆ ಬುಲ್ಡೋಜರಿನಂಥ ಚೈನಿದ್ದ ಆ ಟ್ರ್ಯಾಕ್ಟರನ್ನು ಅಣ್ಣತಮ್ಮ ಸೇರಿ ವರ್ಷಗಟ್ಟಲೆ ತುಕ್ಕು ಕೆರೆದು, ಸಿಗದ ಭಾಗಗಳನ್ನು ತಮ್ಮ ಲೇತಿನಲ್ಲೇ ಕಡೆದು, ಜೀವ ಬರಿಸಿದ್ದರು. ಮನೆಯವರು ಅದನ್ನು ಎಮ್ಮೆ ಎನ್ನುತ್ತಿದ್ದರು. ನೆಂಟರಿಷ್ಟರ ಮುಂದೆ ಅದನ್ನು ಓಡಿಸಿ ತೋರಿಸುವ ದಿನವೇ ಅನಾಹುತವಾಗಿತ್ತು.

ಶೆಡ್ಡಿನ ಬಾಗಿಲಿನಿಂದ ನೇರ ಇಳಿಜಾರು. ಎಡಗಡೆ ಕಲ್ಲಿನ ಗೋಡೆ, ಬಲಗಡೆ ಹಳೆಯ ಕ್ವಾರಿಯ ಹೊಂಡ. ಗೋಡೆಗೆ ಬೆನ್ನು ಕೊಟ್ಟು ನಿಂತ ಅಣ್ಣ ನಗುತ್ತ ಕೈ ಎತ್ತುತ್ತಾರೆ. ಸೀಟಿನ ಮೇಲೆ ತಮ್ಮ. ನಡೆಯುವ ಮನುಷ್ಯನ ವೇಗದಲ್ಲಿ ಇಳಿಯುವ ಗಾಡಿ ಗೋಡೆಯ ಕಡೆ ಸ್ವಲ್ಪ ವಾಲುತ್ತದೆ. ತಮ್ಮನ ಎಡಗೈ ಎಡಗಡೆಯ ಲಿವರನ್ನು ಎದೆಯವರೆಗೆ ಎಳೆಯುತ್ತದೆ. ಗಾಡಿ ಪೂರ್ತಿ ಎಡಕ್ಕೆ ತಿರುಗುತ್ತದೆ. ಅಷ್ಟರಲ್ಲಿ ವಿಡಿಯೊ ತೆಗೆಯುತ್ತಿದ್ದವರ ಮೊಬೈಲ್ ಓರೆಯಾಗಿ ಆಕಾಶ ಕಾಣುತ್ತದೆ.

"ನೀವು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸೋರು," ಎಂದರು ಇನ್ಸ್‌ಪೆಕ್ಟರ್ ಮಗಳಿಗೆ. "ಸ್ಟೀರಿಂಗ್ ಇಲ್ಲದ ಗಾಡಿ ಹೇಗೆ ತಿರುಗುತ್ತೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳಿ."

"ಅದರಲ್ಲೇನಿದೆ ಮೇಡಂ. ಇದಕ್ಕಿಂತ ಹಳೇ ಗಾಡಿಗಳಿಗೆ ಚೈನಿನ ಮುಂದೆ ಒಂದು ಕಬ್ಬಿಣದ ಚಕ್ರ ಇರ್ತಿತ್ತು. ಅದಕ್ಕೆ ಉದ್ದ ಕಂಬಿ, ಕಂಬಿಗೆ ಇಷ್ಟಗಲ ಸ್ಟೀರಿಂಗು. ಸುತ್ತಿ ಸುತ್ತಿ ಓಡಿಸೋರ ರಟ್ಟೆ ಬಿದ್ದುಹೋಗ್ತಿತ್ತಂತೆ. ಆಮೇಲೆ ಚಕ್ರ ಕಿತ್ತುಹಾಕಿ ಎರಡು ಲಿವರ್ ಇಟ್ರು. ಎಡಗಡೇದು ಎಳೆದ್ರೆ ಎಡಗಡೆ ಚೈನಿನ ಕ್ಲಚ್ ಬಿಟ್ಕೊಳ್ಳುತ್ತೆ. ಆ ಚೈನಿಗೆ ಎಂಜಿನ್ ಬಲ ಇಲ್ಲ, ಬಲಗಡೇದು ಮಾತ್ರ ತಳ್ಳುತ್ತೆ. ಗಾಡಿ ಎಡಕ್ಕೆ ತಿರುಗುತ್ತೆ. ಬಲಗಡೇದು ಎಳೆದ್ರೆ ಬಲಕ್ಕೆ. ಅಪ್ಪ ಎಡಗಡೆ ನಿಂತಿದ್ರು. ಇವರು ಎಡಗಡೇದು ಎಳೆದ್ರು. ಇದಕ್ಕಿಂತ ಇನ್ನೇನು ಬೇಕು ನಿಮಗೆ?"

ಚಿಕ್ಕಪ್ಪ ಅಂಗೈಯ ಎಣ್ಣೆಯನ್ನು ಮೊಣಕಾಲಿಗೆ ಒರೆಸಿಕೊಂಡರು.

"ಕ್ಲಚ್ ಕೆಟ್ಟಿತ್ತು ಅಂತಾನಾದ್ರೂ ಸುಳ್ಳು ಹೇಳ್ಬಹುದಿತ್ತು," ಎಂದು ಮಗಳು ಅವರ ಮುಂದೆ ಹೋಗಿ ನಿಂತಳು. ಧ್ವನಿ ಏರಿತ್ತು. "ಅದನ್ನೂ ಹೇಳಲ್ಲ. ಅಪ್ಪ ಸಾಯೋ ಹಿಂದಿನ ವಾರ ಅವರ ಜೊತೆ ಜಗಳ ಆಡಿದ್ಯಲ್ಲ, ಆವಾಗ ಬಾಯಿ ಇತ್ತು. ಈಗ ಎಲ್ಲಿ ಹೋಯ್ತು? ಬಾಯಿ ಬಿಡು."

ಇಷ್ಟು ದಿನ 'ನೀವು' ಎನ್ನುತ್ತಿದ್ದವಳು ಏಕವಚನಕ್ಕಿಳಿದಿದ್ದಳು. ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡು ಹೊರಗೆ ನೋಡಿದ. ತನ್ನ ಮನೆಯಲ್ಲೂ ಅಣ್ಣತಮ್ಮಂದಿರಿದ್ದಾರೆ, ಅದಕ್ಕೇ ಬಾಡಿಗೆ ಮನೆಯಲ್ಲಿದ್ದೇನೆ ಎಂದು ಬರುವಾಗ ಜೀಪಿನಲ್ಲಿ ಹೇಳಿದ್ದ.

"ನಡೀರಿ," ಎಂದು ಇನ್ಸ್‌ಪೆಕ್ಟರ್ ಎದ್ದರು. "ಆ ಎಮ್ಮೇನೇ ಕೇಳೋಣ."

ಶೆಡ್ಡಿನ ಹಿಂದಿನ ಅಂಗಳ ಸಮತಟ್ಟಾಗಿತ್ತು. ಪೊಲೀಸ್ ಇಲಾಖೆಯ ಮೆಕಾನಿಕ್ ಈಗಾಗಲೇ ಅಲ್ಲಿ ಗಾಡಿ ಓಡಿಸಿ ನೋಡಿ ಯಾವ ದೋಷವೂ ಇಲ್ಲ ಎಂದು ಹೇಳಿ ಹೋಗಿದ್ದ. ಆದರೂ ಇನ್ಸ್‌ಪೆಕ್ಟರಿಗೆ ಕಣ್ಣಾರೆ ಕಾಣಬೇಕಿತ್ತು.

"ನಾನೇ ತೋರಿಸ್ತೀನಿ," ಎಂದು ಮಗಳು ಸೀಟಿಗೆ ಹತ್ತಿದಳು. ಕಾನ್‌ಸ್ಟೇಬಲ್ ಮುಂದಿನ ಹಿಡಿಕೆ ತಿರುವಿ ತಿರುವಿ ಬೆವರಿದ ಮೇಲೆ ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಚೈನಿನ ಕಬ್ಬಿಣದ ಹಲಗೆಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದು ಏಳತೊಡಗಿದವು.

ಅವಳು ಎಡಗಡೆಯ ಲಿವರ್ ಎಳೆದಳು. ಗಾಡಿ ಎಡಕ್ಕೆ ತಿರುಗಿತು. ಬಲಗಡೆಯದನ್ನು ಎಳೆದಳು. ಬಲಕ್ಕೆ ತಿರುಗಿತು.

"ನೋಡಿದ್ರಾ?" ಎಂದು ಎಂಜಿನ್ ಸದ್ದಿನ ಮೇಲೆ ಕೂಗಿದಳು. "ಹೇಳಿದ ಮಾತು ಕೇಳೋ ಗಾಡಿ ಇದು. ಅವತ್ತೂ ಕೇಳಿದೆ."

"ಸಾಕು, ನಿಲ್ಲಿಸಿ," ಎಂದರು ಇನ್ಸ್‌ಪೆಕ್ಟರ್.

ಅವಳು ನಿಲ್ಲಿಸಲಿಲ್ಲ. ಶೆಡ್ಡನ್ನು ಸುತ್ತಿಕೊಂಡು ಮುಂಭಾಗಕ್ಕೆ, ಅಪ್ಪ ಸತ್ತ ಇಳಿಜಾರಿನ ಕಡೆಗೆ ಗಾಡಿಯ ಮೂತಿ ತಿರುಗಿಸಿದಳು.

"ಅಲ್ಲೇ ತೋರಿಸ್ತೀನಿ. ಆ ಗೋಡೆ ಹತ್ರಾನೇ. ಇವನು ಏನು ಮಾಡಿದ ಅಂತ ಇವನೇ ನೋಡ್ಲಿ."

ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಚಿಕ್ಕಪ್ಪ ಓಡತೊಡಗಿದರು.

"ಪುಟ್ಟಿ, ಇಳಿಜಾರಿಗೆ ಬೇಡ. ಪುಟ್ಟೀ."

ಗಾಡಿ ಆಗಲೇ ಮುಂದಕ್ಕೆ ಬಾಗಿ ಇಳಿಯಲು ಶುರುಮಾಡಿತ್ತು. ಅವಳು ಹಲ್ಲು ಕಚ್ಚಿ ಎಡಗಡೆಯ ಲಿವರನ್ನು ಎದೆಯವರೆಗೆ ಎಳೆದಳು, ವಿಡಿಯೊದಲ್ಲಿ ಕಂಡ ಹಾಗೆಯೇ.

ಗಾಡಿ ಬಲಕ್ಕೆ ತಿರುಗಿತು.

ಅವಳಿಗೆ ನಂಬಿಕೆ ಬರಲಿಲ್ಲ. ಇನ್ನೂ ಗಟ್ಟಿಯಾಗಿ ಎಳೆದಳು. ಗಾಡಿ ಇನ್ನಷ್ಟು ಬಲಕ್ಕೆ ಹೊರಳಿತು. ಹೊಂಡದ ಅಂಚಿನ ಸಡಿಲ ಕಲ್ಲುಗಳು ಚೈನಿನಡಿ ಪುಡಿಯಾಗುವ ಸದ್ದು ಮೇಲಿದ್ದವರಿಗೂ ಕೇಳಿಸಿತು. ಇನ್ಸ್‌ಪೆಕ್ಟರ್ ಇಳಿಜಾರಿಗೆ ಓಡಿದರು. ಇಂಥ ಗಾಡಿ ಹತ್ತಲು ಬಿಟ್ಟವರು ತಾವೇ.

ಚಿಕ್ಕಪ್ಪ ಹಿಂದಿನ ಕೊಂಡಿ ಹಿಡಿದು ಮೇಲೇರಿದರು. ಅವಳ ಕಿವಿಗೆ ಬಾಯಿಟ್ಟು ಕೂಗಿದರು.

"ಎಡಗಡೇದು ಬಿಡು. ಬಲಗಡೇದು ಎಳಿ."

"ಬಲಕ್ಕೆ ಹೊಂಡ ಇದೆ."

"ಹೇಳಿದಷ್ಟು ಮಾಡು, ಬಲಗಡೇದು ಎಳಿ."

ಅವಳು ಕಣ್ಣು ಮುಚ್ಚಿ ಬಲಗಡೆಯ ಲಿವರ್ ಎಳೆದಳು. ಗಾಡಿ ಕುಂಟುತ್ತ ಎಡಕ್ಕೆ ಹೊರಳಿ ರಸ್ತೆಯ ನಡುವಿಗೆ ಬಂತು.

"ಈಗ ಎರಡೂ ಕಾಲು ಬ್ರೇಕ್ ಮೇಲೆ. ಒತ್ತು. ಪೂರ್ತಿ."

ಎಂಜಿನ್ ಉಸಿರುಗಟ್ಟಿ ನಿಂತಿತು. ಚಿಕ್ಕಪ್ಪ ಕೆಳಗಿಳಿದು ಚೈನಿಗೆ ಒರಗಿದರು. ಅವರ ಮುಖದಲ್ಲಿ ಅಷ್ಟು ದಿನ ಕಾಣದ ಸಿಟ್ಟು ಉಕ್ಕಿತ್ತು.

"ಬುದ್ಧಿ ಇದೆಯಾ ನಿನಗೆ? ಊರಿನ ಅರ್ಧ ಜನಕ್ಕೆ ಗಾಡಿ ಕಲಿಸೋಳು ನೀನು. ಇಳಿಜಾರಿನಲ್ಲಿ ಚೈನ್ ಗಾಡಿ ಉಲ್ಟಾ ತಿರುಗುತ್ತೆ, ಗೊತ್ತಿಲ್ವಾ? ಗೊತ್ತಿಲ್ಲ ಅಂದ್ರೆ ಹತ್ತಬಾರದು."

"ಉಲ್ಟಾ ಅಂದ್ರೆ?" ಎಂದರು ಅಷ್ಟರಲ್ಲಿ ಇಳಿದು ಬಂದ ಇನ್ಸ್‌ಪೆಕ್ಟರ್.

ಚಿಕ್ಕಪ್ಪ ತುಟಿ ಕಚ್ಚಿಕೊಂಡರು. ಮಾತು ಆಗಲೇ ಜಾರಿತ್ತು.

"ಹೇಳಿ. ಈಗ ನುಂಗೋಕೆ ಹೋಗ್ಬೇಡಿ. ವಯಸ್ಸಿನಲ್ಲಿ ರಸ್ತೆ ಕೆಲಸದಲ್ಲಿ ಬುಲ್ಡೋಜರ್ ಓಡಿಸಿದೋರು ನೀವು."

"ಸಮನೆಲದಲ್ಲಿ ಎಂಜಿನ್ನು ಚೈನನ್ನ ತಳ್ಳುತ್ತೆ," ಎಂದರು ಚಿಕ್ಕಪ್ಪ ಒಲ್ಲದ ಮನಸ್ಸಿನಿಂದ. "ಇಳಿಜಾರಿನಲ್ಲಿ ತಳ್ಳಲ್ಲ, ಹಿಡಿದಿಟ್ಟುಕೊಳ್ಳುತ್ತೆ. ಎಡಗಡೆ ಕ್ಲಚ್ ಬಿಟ್ರೆ ಎಡಗಡೆ ಚೈನಿಗೆ ಹಿಡಿತ ತಪ್ಪಿ ಅದು ಮುಂದಕ್ಕೆ ಓಡುತ್ತೆ. ಬಲಗಡೇದು ಹಿಂದೆ ಉಳಿಯುತ್ತೆ. ಗಾಡಿ ಬಲಕ್ಕೆ ತಿರುಗುತ್ತೆ. ಲಿವರ್ ಜೊತೆ ಬ್ರೇಕೂ ಒತ್ತಿದ್ರೆ ಬೇರೆ. ಬರೀ ಲಿವರ್ ಆದ್ರೆ ಹೀಗೇ."

ಇನ್ಸ್‌ಪೆಕ್ಟರ್ ಮೊಬೈಲ್ ತೆಗೆದು ವಿಡಿಯೊವನ್ನು ತಮಗಾಗಿ ಮತ್ತೊಮ್ಮೆ ನೋಡಿದರು. ಅದರಲ್ಲಿ ಚಿಕ್ಕಪ್ಪನ ಎರಡೂ ಪಾದಗಳು ಕಾಲಿಡುವ ತಗಡಿನ ಮೇಲೆ ಚಪ್ಪಟೆಯಾಗಿದ್ದವು. ಬ್ರೇಕ್ ಮುಟ್ಟಿರಲಿಲ್ಲ.

"ಅಂದ್ರೆ ನೀವು ಗಾಡೀನ ಬಲಕ್ಕೆ ತಿರುಗಿಸ್ತಾ ಇದ್ರಿ. ಅಣ್ಣನಿಂದ ದೂರಕ್ಕೆ."



ಮಗಳು ಸೀಟಿನ ಮೇಲೆ ಹಾಗೇ ಕೂತಿದ್ದಳು. "ಮತ್ತೆ ಗಾಡಿ ಯಾಕೆ ಎಡಕ್ಕೆ ಬಂತು?" ಎಂದಳು.

"ನನ್ನ ಗ್ರಹಚಾರ. ನನ್ನ ತಪ್ಪು. ಬರ್ಕೊಳ್ಳಿ ಮೇಡಂ."

"ಏನು ಬರ್ಕೊಳ್ಳೋದು?" ಇನ್ಸ್‌ಪೆಕ್ಟರಿನ ತಾಳ್ಮೆ ಕಿತ್ತುಹೋಯಿತು. "ಇಷ್ಟು ದಿನ ನಮ್ಮನ್ನ ಕೋಲೆಬಸವನ ಹಾಗೆ ಆಡಿಸಿದ್ದೀರಿ. ನಿಮ್ಮನ್ನ ಉಳಿಸೋ ಮಾತು ನಿಮ್ಮ ನಾಲಿಗೆ ಮೇಲಿತ್ತು. ಹೇಳ್ಲಿಲ್ಲ. ಈ ಹುಡುಗಿ ಮುಖಕ್ಕೆ ಉಗಿದ್ರೂ ಒರೆಸ್ಕೊಂಡು ಕೂತ್ರಿ. ಕೊಲೆ ಕೇಸು ಅಂದ್ರೆ ಏನು ಅಂದ್ಕೊಂಡಿದ್ದೀರಿ? ಯಾರನ್ನ ಕಾಪಾಡ್ತಾ ಇದ್ದೀರಿ?"

ಅವರು ಸೀಟಿನ ಹಿಂದಿನ ತಗಡನ್ನು ಎತ್ತಿಸಿದರು. ಕಾನ್‌ಸ್ಟೇಬಲ್ ಟಾರ್ಚು ಹಿಡಿದ. ಎರಡು ಲಿವರಿನಿಂದ ಎರಡು ಡೊಂಕು ರಾಡುಗಳು ಹಿಂದಕ್ಕೆ ಬಂದು, ಅಂಗೈ ಅಗಲದ ಜಾಗದಲ್ಲಿ ಪಕ್ಕಪಕ್ಕದಲ್ಲೇ ಇದ್ದ ಎರಡು ಕಬ್ಬಿಣದ ತೋಳುಗಳಿಗೆ ಸೇರಿಕೊಂಡಿದ್ದವು. ಒಂದು ತೋಳು ಎಡಗಡೆಯ ಕ್ಲಚ್ಚಿನದು, ಇನ್ನೊಂದು ಬಲಗಡೆಯದು. ಯಾವ ರಾಡು ಯಾವ ತೋಳಿಗಾದರೂ ಕೂರುವಷ್ಟು ಹತ್ತಿರ.

"ಇದು ಅದಲುಬದಲಾದ್ರೆ ಎಡಗಡೆ ಲಿವರ್ ಬಲಗಡೆ ಕ್ಲಚ್ ಬಿಡಿಸುತ್ತೆ," ಎಂದು ಇನ್ಸ್‌ಪೆಕ್ಟರ್ ತಮಗೆ ತಾವೇ ಹೇಳಿಕೊಂಡರು. "ಆಗ ಇಳಿಜಾರಿನಲ್ಲಿ ಎಡಕ್ಕೇ ತಿರುಗುತ್ತೆ. ಶೆಡ್ಡಿನಿಂದ ಇಲ್ಲಿವರೆಗೆ ನೇರ ದಾರಿ, ಲಿವರ್ ಮುಟ್ಟೋ ಪ್ರಮೇಯ ಇರ್ಲಿಲ್ಲ, ಹಾಗಾಗಿ ಮೊದಲೇ ಗೊತ್ತಾಗ್ಲಿಲ್ಲ." ಅವರು ಬಗ್ಗಿದರು. "ಈಗ ಸರಿಯಾಗಿದೆ. ಆದ್ರೆ ಈ ಪಿನ್ನು ಹೊಸದು. ಹೊಳೀತಿದೆ. ಅವತ್ತಿನಿಂದ ಈಚೆಗೆ ಯಾರೋ ಬಿಚ್ಚಿ ಸರಿಮಾಡಿದ್ದಾರೆ."

"ನಾನು," ಎಂದರು ಚಿಕ್ಕಪ್ಪ ತಟ್ಟನೆ.

"ಅವನಲ್ಲ."

ಎಲ್ಲರೂ ತಿರುಗಿದರು. ಗೋಡೆಯ ಪಕ್ಕದ ಮೆಟ್ಟಿಲಿನಲ್ಲಿ ಸತ್ತವರ ಹೆಂಡತಿ ನಿಂತಿದ್ದರು. ಗಾಡಿಯ ಸದ್ದು ಕೇಳಿ ಮನೆಯಿಂದ ಬರಿಗಾಲಲ್ಲಿ ಓಡಿ ಬಂದಿದ್ದರು. ಏದುಸಿರು ಇನ್ನೂ ಇಳಿದಿರಲಿಲ್ಲ.

"ಸರಿಮಾಡಿದ್ದು ನಾನು. ಅವತ್ತು ಸಂಜೆ, ನಿಮ್ಮ ಮೆಕಾನಿಕ್ ಬರೋಕೆ ಮುಂಚೆ. ಲಿವರ್ ಎಳೆದು ಯಾವ ತೋಳು ಅಲ್ಲಾಡುತ್ತೆ ನೋಡಿದೆ. ತಿರುಗುಮುರುಗಾಗಿತ್ತು. ಬಿಚ್ಚಿ ಹಾಕಿದೆ."

"ಅತ್ತಿಗೆ, ಒಳಗೆ ಹೋಗಿ," ಎಂದರು ಚಿಕ್ಕಪ್ಪ.

"ಎಷ್ಟು ದಿನ ಅಂತ ಒಳಗೆ ಇರ್ಲಿ?"

"ಗಂಡನ ಸಾವಿನ ಸಾಕ್ಷಿ ಅಳಿಸಿದ್ದೀರಿ," ಎಂದರು ಇನ್ಸ್‌ಪೆಕ್ಟರ್. ಸಿಟ್ಟಿನಿಂದ ಅವರ ಧ್ವನಿ ತಗ್ಗಿತ್ತು. "ನಿಮ್ಮ ಮೈದುನನ್ನ ಜೈಲಿಗೆ ಕಳಿಸೋಕೆ ಇನ್ನೇನು ಕಾಗದ ಸಿದ್ಧವಾಗಿದೆ. ನೀವು ಸುಮ್ನೆ ನೋಡ್ತಾ ಇದ್ರಿ. ಯಾಕೆ?"

ಅಮ್ಮನ ಕಣ್ಣು ಒಂದು ಕ್ಷಣ ಸೀಟಿನ ಮೇಲಿದ್ದ ಮಗಳ ಕಡೆ ಹೋಗಿ, ಸುಟ್ಟುಕೊಂಡಂತೆ ಹಿಂದಕ್ಕೆ ಬಂತು. ಚಿಕ್ಕಪ್ಪನ ಕಣ್ಣೂ ಅಷ್ಟೇ.

ಆ ಎರಡು ನೋಟಗಳನ್ನು ಮಗಳು ಕಂಡಳು.

ಸೀಟಿನಿಂದ ನಿಧಾನವಾಗಿ ಇಳಿದಳು. ತಗಡಿನ ಕೆಳಗಿದ್ದ ರಾಡುಗಳನ್ನು ನೋಡಿದಳು. ಮೊದಲ ಸಲ ಅವಳ ಧ್ವನಿ ಇಳಿಯಿತು.

"ಅವತ್ತು ಬೆಳಿಗ್ಗೆ ಇದರ ಕೆಳಗೆ ಮಲಗಿದ್ದು ನಾನು."

"ಪುಟ್ಟಿ, ಬಾಯಿ ಮುಚ್ಚು," ಎಂದರು ಚಿಕ್ಕಪ್ಪ.

"ಅಪ್ಪ ಗ್ರೀಸ್ ಹಚ್ಚು ಅಂದ್ರು. ಈ ರಾಡುಗಳನ್ನ ಬಿಚ್ಚಿ, ಒರೆಸಿ, ವಾಪಸ್ ಹಾಕಿದ್ದು ನಾನು. ನೆಂಟರು ಬಂದ್ರು ಅಂತ ಅಪ್ಪ ನೋಡೋಕೆ ಬರ್ಲಿಲ್ಲ." ಅವಳು ಚಿಕ್ಕಪ್ಪನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

ಚಿಕ್ಕಪ್ಪ ಚೈನಿನ ಮೇಲೆ ಕೈಯೂರಿದರು. "ಲಿವರ್ ಎಳೆದ ಕೂಡ್ಲೇ ಗೊತ್ತಾಯ್ತು. ಇನ್ನೊಂದು ಎಳೆಯೋ ಅಷ್ಟರಲ್ಲಿ ಅಣ್ಣ..." ಗೋಡೆಯ ಕಡೆ ಕೈ ತೋರಿಸಿದರು. "ನೀನು ಬೇಕು ಅಂತ ಮಾಡಿದ್ದಲ್ಲ. ಅಪ್ಪನ್ನ ನಾನೇ ಕೊಂದೆ ಅಂತ ನೀನು ಬದುಕೆಲ್ಲ ಕೊರಗೋದಕ್ಕಿಂತ, ಚಿಕ್ಕಪ್ಪ ಕೊಂದ ಅಂತ ಬೈಕೊಂಡಿರೋದು ವಾಸಿ."

"ಯಾರು ಕೇಳಿದ್ರು ನಿಮ್ಮನ್ನ?" ಅವಳ ಸಿಟ್ಟು ಮತ್ತೆ ಭಗ್ಗೆಂದಿತು, ಈ ಸಲ ಇಬ್ಬರ ಮೇಲೂ. "ದಿನಾ ನಿಮ್ಮನ್ನ ಕೊಲೆಗಾರ ಅಂದೆ. ಎಲ್ಲರ ಮುಂದೆ ಅಂದೆ. ನಿಮ್ಮ ತಟ್ಟೆ ಎತ್ತಿ ಅಂಗಳಕ್ಕೆ ಎಸೆದೆ. ಅಮ್ಮ, ನೀನು ಪಕ್ಕದಲ್ಲೇ ನಿಂತಿದ್ದೆ. ಇಬ್ಬರೂ ಸೇರಿ ನನ್ನನ್ನ ಎಂಥವಳನ್ನಾಗಿ ಮಾಡಿದ್ರಿ?"

"ನಿನ್ನ ಕಳ್ಕೊಳ್ಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ," ಎಂದರು ಅಮ್ಮ.

ಬಿಸಿ ಎಂಜಿನ್ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಕಾನ್‌ಸ್ಟೇಬಲ್ ಟಾರ್ಚು ಆರಿಸಲು ಹೋದ.

"ಆರಿಸ್ಬೇಡಿ," ಎಂದಳು ಮಗಳು.

ಅವಳ ಹುಬ್ಬು ಗಂಟಿಕ್ಕಿತ್ತು. ಟಾರ್ಚನ್ನು ಅವನ ಕೈಯಿಂದ ಕಿತ್ತುಕೊಂಡು ಮಂಡಿಯೂರಿ ಕೂತಳು.

"ನಾನು ಅಂದಾಜಿನ ಮೇಲೆ ಹಾಕ್ಲಿಲ್ಲ ಮೇಡಂ. ಹಾಗೆ ಹಾಕೋಳಲ್ಲ ನಾನು. ಅಪ್ಪ ಚೂಪು ಮೊನೆಯ ಪಂಚು ಬಡಿದು ಗುಳಿಯಂಥ ಚುಕ್ಕೆಗಳ ಗುರುತು ಹೊಡೆದಿದ್ರು. ಒಂದು ಚುಕ್ಕೆ ರಾಡು ಒಂದು ಚುಕ್ಕೆ ತೋಳಿಗೆ, ಅದು ಎಡಗಡೇದು. ಎರಡು ಚುಕ್ಕೇದು ಎರಡು ಚುಕ್ಕೆಗೆ. ನಾನು ಬೆರಳಿಟ್ಟು ನೋಡಿ ನೋಡಿ ಹಾಕಿದೆ."

ಅವಳು ಸೆರಗಿನಿಂದ ಗ್ರೀಸ್ ಒರೆಸಿದಳು. ಎಡಗಡೆಯ ಲಿವರಿನಿಂದ ಬಂದ ರಾಡಿನ ಮೇಲೆ ಎರಡು ಚುಕ್ಕೆಗಳಿದ್ದವು. ಒಂದರ ತಳದಲ್ಲಿ ಕಪ್ಪು ಕಟ್ಟಿತ್ತು. ಅದರ ಪಕ್ಕದ್ದು ಬೆಳ್ಳಿಯಂತೆ ಮಿನುಗಿತು.

ಇನ್ಸ್‌ಪೆಕ್ಟರ್ ಇನ್ನೊಂದು ರಾಡಿನ ಮೇಲೆ ಉಗುರು ಎಳೆದರು. ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ ಚುಕ್ಕೆ. ಉಗುರಿಗೆ ಮಾತ್ರ ಪಕ್ಕದಲ್ಲೊಂದು ಮೆತ್ತನೆಯ ಜಾಗ ಸಿಕ್ಕಿತು. ಚೂರಿಯ ತುದಿಯಿಂದ ಕೆರೆದಾಗ ಸೀಸದ ಸಣ್ಣ ಗುಂಡು ಉದುರಿ ಕೆಳಗೆ ಗುಳಿ ತೆರೆಯಿತು.

"ಒಂದಕ್ಕೆ ಚುಕ್ಕೆ ಸೇರಿಸಿದ್ದಾರೆ. ಇನ್ನೊಂದರಲ್ಲಿ ಮುಚ್ಚಿದ್ದಾರೆ," ಎಂದರು ಅವರು. ನೋಟ ಇಳಿಜಾರಿನ ಕೊನೆಗೆ ಹೋಯಿತು. ಅಲ್ಲಿ ರಸ್ತೆ ಹೊಂಡವನ್ನು ಬಳಸಿ ಎಡಕ್ಕೆ ತಿರುಗುತ್ತಿತ್ತು. ಇಳಿಜಾರು ಬಲ್ಲವನು ಆ ತಿರುವಿನಲ್ಲಿ ಬಲಗಡೆಯ ಲಿವರ್ ಎಳೆಯುತ್ತಾನೆ. ಅದಲುಬದಲಾದ ಗಾಡಿ ಅವನನ್ನು ಹೊತ್ತುಕೊಂಡು ಸೀದಾ ಹೊಂಡಕ್ಕೆ ಹೋಗುತ್ತದೆ. "ಅವತ್ತು ಓಡಿಸ್ಬೇಕಾಗಿದ್ದು ಯಾರು?"

"ಅಪ್ಪ," ಎಂದಳು ಮಗಳು. "ಹಿಂದಿನ ದಿನ ಕೈ ಸುಟ್ಕೊಂಡಿದ್ರು. ಆದ್ರೂ ನಾನೇ ಕೂರ್ತೀನಿ ಅಂತಿದ್ರು. ಕೊನೇ ಗಳಿಗೇಲಿ ಚಿಕ್ಕಪ್ಪನ್ನ ಕೂರಿಸಿದ್ರು."

ಅವಳು ಎದ್ದು ನಿಂತಳು. ಮೊಣಕೈವರೆಗೆ ಗ್ರೀಸ್. ಈಗ ಕೂಗಲಿಲ್ಲ. ಕೂಗಿದ್ದರೇ ವಾಸಿ ಎನಿಸುವಂಥ ಧ್ವನಿಯಲ್ಲಿ ಮಾತಾಡಿದಳು.

"ನನ್ನ ಕೈಯಿಂದ ಮಾಡಿಸಿದ್ದಾರೆ. ನಾನು ಗುರುತು ನೋಡಿ ಹಾಕ್ತೀನಿ ಅಂತ ಗೊತ್ತಿದ್ದೋರು. ಆ ಗುರುತಿನ ವಿಷಯ ಹೊರಗಿನವರಿಗೆ ಗೊತ್ತಿಲ್ಲ. ಈ ಮನೆಯ ನಾಲ್ಕು ಜನಕ್ಕೆ ಮಾತ್ರ ಗೊತ್ತು. ಅಪ್ಪ ಸತ್ರು. ಇನ್ನೊಬ್ಬಳು ನಾನು."

ಅವಳು ಅಮ್ಮನನ್ನೂ ಚಿಕ್ಕಪ್ಪನನ್ನೂ ನೋಡಿದಳು.

"ನನ್ನನ್ನ ಉಳಿಸೋಕೆ ಅಂತ ಇಬ್ಬರೂ ಹೇಳಿದ್ರಿ. ಒಬ್ರು ನಿಜ ಹೇಳಿರ್ಬಹುದು. ಸುಳ್ಳು ಹೇಳಿದ ಇನ್ನೊಬ್ರು ಯಾರು?"

ಇಬ್ಬರೂ ಅವಳ ಕಡೆ ನೋಡಲಿಲ್ಲ. ಒಬ್ಬರನ್ನೊಬ್ಬರು ನೋಡಿದರು.